ಬಿಸಿಲಿಗಿಟ್ಟ ಮರದಚ್ಚು

ಆ ಕಾಲಕ್ಕೆ ನಮ್ಮ ಕಡೆ ಸಂಕ್ರಾಂತಿಗೆ ಸಕ್ಕರೆ ಅಚ್ಚನ್ನು ಯಾರೂ ಅಂಗಡಿಯಿಂದ ತರುತ್ತಿರಲಿಲ್ಲ. ಹಬ್ಬ ಹತ್ತಿರ ಬಂತೆಂದರೆ ಪ್ರತಿ ಮನೆಯ ಅಟ್ಟದಿಂದ ಮರದಚ್ಚುಗಳ ಗಂಟು ಕೆಳಗಿಳಿಯುತ್ತಿತ್ತು. ಬೀದಿಯಲ್ಲಿ ನಡೆದರೆ ಒಂದು ಮನೆಯಿಂದ ಎಳ್ಳು ಹುರಿದ ವಾಸನೆ, ಇನ್ನೊಂದು ಮನೆಯಿಂದ ಪಾಕದ ವಾಸನೆ. ಬೆಲ್ಲ, ಕೊಬ್ಬರಿ ಸಣ್ಣಗೆ ಹೆಚ್ಚಿ ಚಾಪೆಯ ಮೇಲೆ ಹರವಿ, ಕಾಗೆ ಕಾಯಲು ಮಕ್ಕಳನ್ನು ಕೂರಿಸುತ್ತಿದ್ದರು. ಕಾಗೆಗಿಂತ ನಾವೇ ಹೆಚ್ಚು ತಿನ್ನುತ್ತಿದ್ದೆವು. ಇದನ್ನು ಓದುವವರಲ್ಲೂ ಆ ಕಾವಲು ಕಾದವರು ಇದ್ದೀರಿ ಅಂದುಕೊಳ್ಳುತ್ತೇನೆ.

ನಮ್ಮ ಮನೆಯಲ್ಲಿ ಆ ವಾಸನೆಗಳ ಜೊತೆಗೆ ಬಾರುಕೋಲಿನ ಸದ್ದೂ ಇತ್ತು.

ಮುಳಬಾಗಿಲಿನಿಂದ ಕುರುಡುಮಲೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಪ್ಪನಿಗೆ ಸ್ವಲ್ಪ ರಾಗಿ ಹೊಲ, ಸ್ವಲ್ಪ ಹಿಪ್ಪುನೇರಳೆ ತೋಟ. ರೇಷ್ಮೆಹುಳಕ್ಕೆ ಸೊಪ್ಪು ತಡವಾದರೆ ಹೊಡೆತ, ಕರು ಬಿಚ್ಚಿಕೊಂಡು ಹಾಲು ಕುಡಿದರೆ ಹೊಡೆತ, ಸಾರಿಗೆ ಉಪ್ಪು ಹೆಚ್ಚಾದರೆ ಅಮ್ಮನಿಗೆ ಹೊಡೆತ, ಅಡ್ಡ ಬಂದರೆ ನನ್ನ ಅಕ್ಕ ರತ್ನಕ್ಕನಿಗೂ ಹೊಡೆತ. ಬಾರುಕೋಲು ಎತ್ತುಗಳಿಗೆಂದು ಮಾಡಿದ್ದು. ಅದರ ಏಟು ಎತ್ತುಗಳಿಗೇ ಕಡಿಮೆ ಬೀಳುತ್ತಿತ್ತು.

ಆ ಮನೆಯಲ್ಲಿ ಏಟು ತಿನ್ನದವಳು ನಾನೊಬ್ಬಳೇ. ಅದಕ್ಕೆ ಕಾರಣ ನನ್ನ ಹೆಸರು. ಅಪ್ಪನ ತಾಯಿ ಲಕ್ಷ್ಮಮ್ಮ ತೀರಿಕೊಂಡ ಮೇಲೆ ಹುಟ್ಟಿದವಳೆಂದು ನನಗೆ ಅದೇ ಹೆಸರಿಟ್ಟಿದ್ದರು. ಹೆತ್ತವಳ ಹೆಸರಿಟ್ಟ ಮಗುವಿನ ಮೇಲೆ ಕೈ ಎತ್ತಬಾರದು, ಹೆಸರು ಹಿಡಿದು ಬೈಯಬಾರದು ಎನ್ನುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅಪ್ಪ ನನ್ನನ್ನು ‘ಅಮ್ಮಯ್ಯ’ ಎಂದೇ ಕರೆಯುತ್ತಿದ್ದ. ಬಾರುಕೋಲು ಹಿಡಿದು ಅಕ್ಕನ ಹಿಂದೆ ಓಡುವಾಗಲೂ ದಾರಿಯಲ್ಲಿ ನಾನು ನಿಂತಿದ್ದರೆ, “ಅಮ್ಮಯ್ಯ, ಈ ಕಡೆ ಬಾ, ತಗಲುತ್ತೆ” ಎಂದು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೋಗುತ್ತಿದ್ದ.

ನಾನು ಆಗ ನಾಲ್ಕನೇ ಕ್ಲಾಸು. ಅಕ್ಕ ನನಗಿಂತ ಐದಾರು ವರ್ಷ ದೊಡ್ಡವಳು. ಅವಳ ಕೈ ಎಂಥದ್ದು ಎಂದು ಊರೇ ಹೇಳುತ್ತಿತ್ತು. ಅಚ್ಚಿನಕಲ್ಲು ಆಡಲು ಕೂತರೆ ಕಲ್ಲು ಮೇಲೆ ಹೋದದ್ದು ಕಾಣುತ್ತಿತ್ತು, ಕೆಳಗಿನ ಕಲ್ಲುಗಳು ಅವಳ ಮುಷ್ಟಿಗೆ ಯಾವಾಗ ಬಂದವೋ ಕಾಣುತ್ತಿರಲಿಲ್ಲ. ಕನಕಾಂಬರ ಕಟ್ಟುತ್ತಾ ನನಗೆ ಕಥೆ ಹೇಳುತ್ತಾ ಹೂವಿನ ಕಡೆ ನೋಡದೆಯೇ ಮೊಳಗಟ್ಟಲೆ ಕಟ್ಟಿ ಮುಗಿಸುತ್ತಿದ್ದಳು.

ಸಕ್ಕರೆ ಅಚ್ಚು ಮಾಡುವುದು ಹಬ್ಬದ ಅಡುಗೆಗಳಲ್ಲೆಲ್ಲ ಸುಲಭದ್ದು. ಒಂದು ಒಲೆ, ಒಂದು ಬಾಣಲೆ, ಸಕ್ಕರೆ, ನೀರು, ಕೊಳೆ ತೆಗೆಯಲು ಒಂದಿಷ್ಟು ಹಾಲು. ಕಷ್ಟವಿರುವುದು ಮರದಚ್ಚಿನಲ್ಲಿ. ಎರಡು ಹೋಳಿನೊಳಗೆ ಗಿಳಿಯೋ, ಕೋಳಿಯೋ, ತುಳಸಿಕಟ್ಟೆಯೋ ಅರ್ಧರ್ಧ ಕೆತ್ತಿರುತ್ತದೆ. ಹಿಂದಿನ ದಿನವೇ ನೀರಿನಲ್ಲಿ ನೆನೆಹಾಕಬೇಕು. ನೆನೆದ ಮರ ಪಾಕವನ್ನು ಹಿಡಿದುಕೊಳ್ಳುವುದಿಲ್ಲ, ಹೋಳುಗಳ ಬಾಯಿಯೂ ಬಿಗಿಯಾಗಿ ಕೂಡುತ್ತದೆ. ಎರಡನ್ನೂ ಜೋಡಿಸಿ, ಸೈಕಲ್ ಟ್ಯೂಬಿನ ರಬ್ಬರಿನಿಂದ ಸುತ್ತಿ ಕಟ್ಟಿ, ತಳದ ತೂತು ಮೇಲೆ ಬರುವಂತೆ ತಲೆಕೆಳಗಾಗಿ ನಿಲ್ಲಿಸಬೇಕು. ಪಾಕ ಕುದಿದು, ಕದಡಿದಂತೆ ಬೆಳ್ಳಗಾಗಿ ಬಾಣಲೆಯ ಅಂಚು ಕಟ್ಟುತ್ತಿದ್ದ ಹಾಗೆಯೇ ಸುರಿದುಬಿಡಬೇಕು. ಒಂದು ಗಳಿಗೆ ತಡವಾದರೆ ಬಾಣಲೆಯಲ್ಲೇ ಗಟ್ಟಿ. ಮರವನ್ನು ಯಾವತ್ತೂ ಬಿಸಿಲಿಗೆ ಒಣಗಿಸಬಾರದು, ಸೊಟ್ಟಗಾಗುತ್ತದೆ. ಇದು ಮನೆಯಲ್ಲಿ ನನಗೂ ಗೊತ್ತಿತ್ತು.

ಆ ವರ್ಷ ಹಬ್ಬಕ್ಕೆ ರಾಯಲ್ಪಾಡಿನಿಂದ ಅತ್ತೆ ಬರುವವಳಿದ್ದಳು. ಅಪ್ಪನ ಅಕ್ಕ ಆಕೆ. ತನ್ನ ಮಗನಿಗೆ ರತ್ನಕ್ಕನನ್ನು ತಂದುಕೊಳ್ಳುವ ಮಾತು ಆಡಿದ್ದಳು. ನಮ್ಮ ಮರದಚ್ಚುಗಳು ಅವಳ ತಾಯಿಯವು, ಅಂದರೆ ಆ ಹಳೆಯ ಲಕ್ಷ್ಮಮ್ಮನವು. “ನಮ್ಮಮ್ಮನ ಗಿಳಿ ಅಚ್ಚು ತಿನ್ನಬೇಕು ಅನಿಸ್ತಿದೆ” ಎಂದು ಹೇಳಿಕಳಿಸಿದ್ದಳು. ಅಪ್ಪ ರೇಷನ್ ಕೂಪನ್ ಸಕ್ಕರೆ ಕೂಡಿಟ್ಟು, ಸಾಲದ್ದಕ್ಕೆ ಮುಳಬಾಗಿಲಿನಿಂದ ಇನ್ನಷ್ಟು ತಂದ. “ಈ ಸಲ ಅಚ್ಚು ನಿಂದೇ. ನಮ್ಮಕ್ಕನ ಮುಂದೆ ನನ್ ಮರ್ಯಾದೆ ಕಳೆದ್ಯೋ, ನೋಡ್ಕೊ” ಎಂದು ಅಕ್ಕನಿಗೆ ಹೇಳಿದ್ದ.

ಅಕ್ಕ ಮರದಚ್ಚುಗಳನ್ನೆಲ್ಲ ಕೊಟ್ಟಿಗೆಯ ಪಕ್ಕದ ಕಲ್ಲುಬಾನಿಯಲ್ಲಿ ನೆನೆಹಾಕಿದ್ದಳು. ಭೋಗಿ ದಿನ ಬೆಳಿಗ್ಗೆ ಅವಳು ಸೊಪ್ಪು ಕುಯ್ಯಲು ತೋಟಕ್ಕೆ ಹೋದಾಗ ನಾನು ಲಂಗದಲ್ಲಿ ಆದಷ್ಟು ತುಂಬಿಕೊಂಡು ಕೆರೆಯ ಕಡೆ ಓಡಿದೆ. ಕೆರೆಯ ಕಪ್ಪು ಮಣ್ಣು ಬೆಣ್ಣೆಯಂತಿರುತ್ತದೆ. ಅಚ್ಚಿನಲ್ಲಿ ಒತ್ತಿದರೆ ಗಿಳಿ, ಕೋಳಿ ಎಲ್ಲ ಬರುತ್ತವೆ ಎಂದು ಪಕ್ಕದ ಮನೆಯ ಹುಡುಗಿಯರಿಗೆ ಜಂಬ ಕೊಚ್ಚಿಕೊಂಡಿದ್ದೆ. ಒತ್ತಿದೆ. ಬರಲಿಲ್ಲ, ಅಂಟಿಕೊಂಡಿತು. ಒಣಗಿದರೆ ಬಿಟ್ಟುಕೊಳ್ಳಬಹುದು ಎಂದು ಹೋಳುಗಳನ್ನು ಬಂಡೆಯ ಮೇಲೆ ಬಿಸಿಲಿಗೆ ಮಲಗಿಸಿದೆ. ಮಧ್ಯಾಹ್ನದವರೆಗೂ ಅಲ್ಲೇ ಆಡಿದೆ. ಮಣ್ಣಿನ ಗಿಳಿ ಕಳಚಿಕೊಂಡು ಬಂದಾಗ ಎಷ್ಟು ಖುಷಿಯಾಯಿತೆಂದರೆ, ಹೋಳುಗಳು ಹಳೇ ಚಪ್ಪಲಿಯ ಹಾಗೆ ಬಾಗಿದ್ದನ್ನು ನೋಡಿಯೂ ನೋಡಲಿಲ್ಲ. ಕೆರೆಯಲ್ಲಿ ಅದ್ದಿ, ಓಡಿ ಬಂದು ಬಾನಿಗೆ ಹಾಕಿಬಿಟ್ಟೆ.

ಊಟವಾದ ಮೇಲೆ ಹಿತ್ತಲಿನಲ್ಲಿ ಮೂರು ಕಲ್ಲಿನ ಒಲೆ ಹೂಡಿದರು. ಅಮ್ಮ ಪಾಕ ಕಾಯಿಸುತ್ತಿದ್ದಳು. ಅಕ್ಕ ಮರದಚ್ಚುಗಳನ್ನು ನೀರಿನಿಂದ ತೆಗೆದು ಒರೆಸಿ ಜೋಡಿಸಲು ಕೂತಳು. ಗಿಳಿಯನ್ನು ಕೈಗೆ ತೆಗೆದುಕೊಂಡವಳು ತಿರುಗಿಸಿ ನೋಡಿದಳು. ಗಿಳಿಯ ಕಣ್ಣಿನ ಗುಳಿಯಲ್ಲಿ ಕಪ್ಪಗೆ ಏನೋ ಇತ್ತು. ಉಗುರಿನಿಂದ ಕೆರೆದು ಮೂಸಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಒಲೆಯ ಕಡೆ ನೋಡಿದೆ.

“ಅಮ್ಮಾ, ಇವು ಬಾಯಿ ಕೂಡ್ತಾ ಇಲ್ಲ” ಎಂದಳು.

“ಬಿಗಿಯಾಗಿ ಕಟ್ಟು. ಪಾಕ ಆಯ್ತು, ಬೇಗ!”

ಮೊದಲ ಅಚ್ಚು ಕೋಳಿಯದು. ಸುರಿದ ಪಾಕ ಕೋಳಿಯ ಬೆನ್ನಿನಿಂದ ಹೊರಗೆ ಬಂದು ತಟ್ಟೆಗೆ ಹರಿಯಿತು. ಹಿತ್ತಲ ಜಗಲಿಯಲ್ಲಿ ಬೀಡಿ ಸೇದುತ್ತಿದ್ದ ಅಪ್ಪ ಎದ್ದು ಬಂದು ಅಕ್ಕನ ಕೆನ್ನೆಗೆ ಹೊಡೆದ.

“ಏನ್ಲೇ ಇದು? ಅಚ್ಚು ಕಟ್ಟಕ್ಕೆ ಬರಲ್ವಾ ನಿಂಗೆ? ಹೂವಾದ್ರೆ ಮೊಳಗಟ್ಲೆ ಕಟ್ತೀಯ!”

ಅಕ್ಕ ತುಳಸಿಕಟ್ಟೆಗೆ ರಬ್ಬರನ್ನು ಎರಡು ಸಲ ಸುತ್ತಿದಳು. ಹಲ್ಲಿನಿಂದ ಎಳೆದು ಗಂಟು ಹಾಕಿದಳು. ಮತ್ತೆ ನನ್ನ ಕಡೆ ನೋಡಿದಳು. ಪಾಕ ಸುರಿದರು. ಅದೂ ಸೋರಿತು. ಅಪ್ಪ ಕೊಟ್ಟಿಗೆಗೆ ಹೋಗಿ ಬಾರುಕೋಲು ತಂದ. ಬೆನ್ನಿಗೆ ಒಂದು, ತೊಡೆಗೆ ಒಂದು. ಬಾರು ಸುತ್ತಿಕೊಂಡು ಕತ್ತಿನವರೆಗೂ ಬಾಸುಂಡೆ ಎದ್ದಿತು.

“ನಾಳೆ ನಮ್ಮಕ್ಕ ಬಂದು ಅಚ್ಚೆಲ್ಲಿ ಅಂದ್ರೆ ಏನ್ ಇಕ್ಲಿ ತಟ್ಟೆಗೆ? ನಿನ್ ಮುಖ ಇಕ್ಲಾ?”

“ಬಿಡ್ರೀ, ಹಬ್ಬದ ದಿನ…” ಎಂದ ಅಮ್ಮನಿಗೂ ಒಂದು ಬಿತ್ತು.

“ಅಪ್ಪಾ, ಮರ ಸೊಟ್ಟಗಾಗಿದೆ” ಎಂದಳು ಅಕ್ಕ.

“ಸೊಟ್ಟಗಾಗಿರೋದು ನಿನ್ ಕೈ! ಅಷ್ಟು ವರ್ಷ ನಮ್ಮಮ್ಮ ಮಾಡ್ಲಿಲ್ವಾ ಇದ್ರಲ್ಲೇ? ಹಿಡ್ಕೊ. ರಬ್ಬರ್ ಬೇಡ ಏನೂ ಬೇಡ, ಎರಡು ಕೈಯಲ್ಲಿ ಅದುಮಿ ಹಿಡ್ಕೊ. ಬಿಟ್ಯೋ, ಇಲ್ಲೇ ಹೂತಾಕ್ತೀನಿ.”

ಗಟ್ಟಿಯಾಗತೊಡಗಿದ ಪಾಕಕ್ಕೆ ನೀರು ಚಿಮುಕಿಸಿ ಮತ್ತೆ ಕುದಿಸಿದ್ದ ಅಮ್ಮನ ಕೈಯಿಂದ ಬಾಣಲೆಯನ್ನು ಬಟ್ಟೆ ಹಿಡಿದು ಕಿತ್ತುಕೊಂಡ. ಅಕ್ಕ ಗಿಳಿಯನ್ನು ಎದೆಯ ಹತ್ತಿರ ಅದುಮಿ ಹಿಡಿದಳು. ಮೂರನೇ ಸಲ ನನ್ನ ಕಡೆ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ. ಏನೋ ಕೇಳುವವಳಂತೆ ಹುಬ್ಬು ಸ್ವಲ್ಪ ಮೇಲೆತ್ತಿದಳು, ಅಷ್ಟೆ.

ಆಗ ಹೇಳಬಹುದಿತ್ತು. ಪಾಕ ಇನ್ನೂ ಬಾಣಲೆಯಲ್ಲಿತ್ತು. “ನಾನು ಬಿಸಿಲಿಗಿಟ್ಟಿದ್ದೆ” ಎಂದಿದ್ದರೆ ಅಪ್ಪ ನನಗೆ ಹೊಡೆಯುತ್ತಿರಲಿಲ್ಲ. ತನ್ನ ತಾಯಿಯ ಹೆಸರಿಗೆ ಅವನು ಹೊಡೆಯಲಾರ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಹೆಚ್ಚೆಂದರೆ ‘ಅಮ್ಮಯ್ಯ’ ಎನ್ನುವುದನ್ನು ಒಂದೆರಡು ದಿನ ನಿಲ್ಲಿಸುತ್ತಿದ್ದ. ಆ ಒಂದೆರಡು ದಿನವೂ ನನಗೆ ಬೇಡವಾಗಿತ್ತು. ಏಟಿನ ಮನೆಯಲ್ಲಿ ಮುದ್ದಿನವಳಾಗಿರುವ ರುಚಿ ನನಗೆ ಹತ್ತಿತ್ತು. ಬಾಯಿ ಮುಚ್ಚಿಕೊಂಡು ಕೂತೆ.

ಅಪ್ಪ ಸುರಿದ.

ಕುದಿಯುವ ನೀರು ಬಿದ್ದರೆ ಜಾರಿಹೋಗುತ್ತದೆ. ಪಾಕ ಹಿಡಿದುಕೊಳ್ಳುತ್ತದೆ. ಗಿಳಿಯ ಬೆನ್ನಿನ ಸೀಳಿನಿಂದ ಹೊರಬಂದ ಪಾಕ ಅಕ್ಕನ ಬಲಗೈಯ ಬೆರಳುಗಳ ಸಂದಿನಲ್ಲಿ ಇಳಿದು ಅಲ್ಲೇ ಬೆಳ್ಳಗೆ ಗಟ್ಟಿಯಾಯಿತು. ಅವಳು ಕೂಗಿದ ಕೂಗಿಗೆ ಕೊಟ್ಟಿಗೆಯಲ್ಲಿ ಎತ್ತುಗಳು ಎದ್ದು ನಿಂತವು. ಅಚ್ಚು ಕೆಳಗೆ ಬಿತ್ತು. ಬೇಕೆಂದೇ ಬಿಟ್ಟಳು ಎಂದುಕೊಂಡು ಅಪ್ಪ ಇನ್ನೊಂದು ಬೀಸಿದ. ಆಮೇಲೆ ಅವಳ ಕೈ ನೋಡಿದ. ಬಾಣಲೆಯನ್ನು ಗೋಡೆಗೆ ಎಸೆದು, ಎಸೆದದ್ದು ಯಾರೋ ಎನ್ನುವಂತೆ ಬೀದಿಗೆ ಹೋಗಿಬಿಟ್ಟ. ಅಮ್ಮ ಅಕ್ಕನನ್ನು ಎಳೆದುಕೊಂಡು ಹೋಗಿ ಅದೇ ಕಲ್ಲುಬಾನಿಯಲ್ಲಿ ಕೈ ಮುಳುಗಿಸಿದಳು. ಸಕ್ಕರೆ ಕರಗುವಾಗ ಅದರ ಜೊತೆ ಚರ್ಮವೂ ಬಂತು.

ಹಬ್ಬದ ದಿನ ಆಸ್ಪತ್ರೆ ಮೆಟ್ಟಿಲು ಹತ್ತಬಾರದು ಎಂದರು. ಹಿಪ್ಪುನೇರಳೆ ಸೊಪ್ಪು ಅರೆದು ಮೆತ್ತಿ, ಐದು ಬೆರಳನ್ನೂ ಸೇರಿಸಿ ಒಂದೇ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿದರು. ಕಟ್ಟಿದವಳು ಅಮ್ಮ. ಪ್ರೀತಿಯಿಂದಲೇ ಕಟ್ಟಿದಳು.

ಮಾರನೆಯ ದಿನ ಅತ್ತೆ ಬಂದಳು. ಒಳಗೆ ಕಂಬಳಿ ಹೊದ್ದು ನರಳುತ್ತಿದ್ದ ಅಕ್ಕನನ್ನು ನೋಡಿ, “ಅಯ್ಯೋ, ಏಮೈಂದಿರಾ?” ಎಂದು, ಏನಾಯಿತೆಂದು ತೆಲುಗಿನಲ್ಲೇ ಕೇಳಿದಳು.

“ಪಾಕ ಚೆಲ್ಕೊಂಡ್ಳು. ನಿಧಾನ ಇಲ್ಲ ಅವಳಿಗೆ” ಎಂದ ಅಪ್ಪ.

ಅತ್ತೆ ತನ್ನ ಚೀಲದಿಂದ ತಾನು ಮಾಡಿ ತಂದ ಸಕ್ಕರೆ ಅಚ್ಚು ತೆಗೆದು ನನ್ನ ಬಾಯಿಗಿಟ್ಟು, “ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಮ್ಮ” ಎಂದಳು. ಗಿಳಿಯೇ ಬೇಕೆಂದು ಹಟ ಮಾಡಿದೆ. ಹುಡುಕಿ ಕೊಟ್ಟಳು. ತಿಂದೆ. ಸಂಜೆ ಊರ ಮುಂದೆ ಹುಲ್ಲಿಗೆ ಬೆಂಕಿ ಹಚ್ಚಿ ದನಗಳನ್ನು ಕಿಚ್ಚು ಹಾಯಿಸಿದರು. ನಮ್ಮ ಎತ್ತುಗಳು ಬೆದರಿ ಹಿಂದೆ ಸರಿದಾಗ ಜನ ಕೋಲಿನಿಂದ ತಿವಿದು ಬೆಂಕಿಯ ಮೇಲೆ ನೂಕಿದರು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, “ಕಾಣುತ್ತಾ ಅಮ್ಮಯ್ಯ?” ಎಂದು ಕೇಳಿದ. ಕಾಣುತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಕಾಣುತ್ತಿತ್ತು. ಚಪ್ಪಾಳೆ ತಟ್ಟಿದೆ.

ಬಟ್ಟೆ ಬಿಚ್ಚುವ ಹೊತ್ತಿಗೆ ಅಕ್ಕನ ಮೂರು ಬೆರಳು ಒಂದಕ್ಕೊಂದು ಕೂಡಿಕೊಂಡು ಅಂಗೈಗೆ ಬಾಗಿದ್ದವು. ಕೋಲಾರದ ಡಾಕ್ಟರು ಮೊದಲೇ ಯಾಕೆ ತರಲಿಲ್ಲವೆಂದು ಬೈದು ಕಳಿಸಿದರು. ಅವಳು ಮಾಡುತ್ತಿದ್ದ ಕೆಲಸಕ್ಕೆ ನನ್ನ ಕೈ ಬೇಕಾಯಿತು. ಐದನೇ ಕ್ಲಾಸಿಗೆ ನನ್ನ ಶಾಲೆ ನಿಂತಿತು. “ಈ ಕೈಯಲ್ಲಿ ಹಾಲು ಹೆಂಗೆ ಕರೀತಾಳೆ?” ಎಂದು ಅತ್ತೆ ಆ ಸಂಬಂಧ ಬಿಟ್ಟಳು. ಕೆಲವು ವರ್ಷಗಳ ಮೇಲೆ ಅದೇ ಮಗನಿಗೆ ನನ್ನನ್ನು ಕೇಳಿದಳು. ನಾನು ರಾಯಲ್ಪಾಡಿಗೆ ಸೊಸೆಯಾಗಿ ಬಂದೆ. ಅಕ್ಕನನ್ನು ಮಾಸ್ತಿಯ ಕಡೆ, ಹೆಂಡತಿ ಸತ್ತ ಒಬ್ಬರಿಗೆ ಕೊಟ್ಟರು. ಆಗಲೂ ನಾನು ಏನೂ ಹೇಳಲಿಲ್ಲ.

ಈಗ ಎಲ್ಲರೂ ಸಕ್ಕರೆ ಅಚ್ಚನ್ನು ಅಂಗಡಿಯಿಂದಲೇ ತರುತ್ತೇವೆ. ಬೆಳ್ಳಗೆ, ಅಂಚು ಮುರಿಯದೆ, ಪ್ಲಾಸ್ಟಿಕ್ ಕವರಿನಲ್ಲಿ ಬರುತ್ತದೆ. ಪಾಕದ ವಾಸನೆ ಯಾವ ಬೀದಿಯಲ್ಲೂ ಇಲ್ಲ. ಅಚ್ಚಿನಕಲ್ಲು ಆಡುವ ಹುಡುಗಿಯರೂ ಇಲ್ಲ. ಅಪ್ಪ ಅಮ್ಮ ಹೋದ ಮೇಲೆ ಮರದಚ್ಚುಗಳು, ಹೆಸರಿನವಳೆಂದು, ನನಗೇ ಬಂದವು. ಗಿಳಿಯ ಹೋಳುಗಳನ್ನು ಜೋಡಿಸಿ ಕಿಟಕಿಗೆ ಹಿಡಿದರೆ ಬೆನ್ನಿನಗುಂಟ ಇವತ್ತಿಗೂ ಒಂದು ಗೆರೆ ಬೆಳಕು ಬರುತ್ತದೆ. ಅಕ್ಕ ಅಂಥ ಕೈಯಲ್ಲೇ ಮಕ್ಕಳನ್ನು ಬೆಳೆಸಿದಳು, ಹಸು ಸಾಕಿದಳು. ದಾರವನ್ನು ಹಲ್ಲಿನಲ್ಲಿ ಕಚ್ಚಿ ಎಡಗೈಯಲ್ಲಿ ಹೂ ಕಟ್ಟುತ್ತಾಳೆ. ಒಂದು ಮೊಳಕ್ಕೆ ಒಂದು ಮಧ್ಯಾಹ್ನ ಬೇಕು. ಬಾಯಲ್ಲಿ ದಾರವಿರುವುದರಿಂದ ಈಗ ಹೂ ಕಟ್ಟುತ್ತಾ ಕಥೆ ಹೇಳಲು ಅವಳಿಗೆ ಆಗುವುದಿಲ್ಲ.

ಹೋದ ಸಂಕ್ರಾಂತಿಗೆ ಎಳ್ಳು ಬೀರಲು ಅವಳ ಮನೆಗೆ ಹೋಗಿದ್ದೆ. ಅವಳು ಹೂ ಕಟ್ಟುತ್ತಿದ್ದಳು. ತಟ್ಟೆ ಇಟ್ಟು, “ಅಕ್ಕಾ, ಆವತ್ತು ಮರದಚ್ಚನ್ನ ಬಿಸಿಲಿಗಿಟ್ಟಿದ್ದು ನಾನು” ಎಂದೆ.

ಅವಳು ಹಲ್ಲಿನಿಂದ ದಾರ ಬಿಟ್ಟಳು.

“ಗೊತ್ತು ಕಣೇ ಲಚ್ಚಿ. ಗಿಳಿ ಕಣ್ಣಲ್ಲಿ ಕೆರೆ ಮಣ್ಣಿತ್ತು.”

“ಮತ್ತೆ ನೀನ್ಯಾಕೆ ಹೇಳ್ಲಿಲ್ಲ?”

“ನಾನ್ ಹೇಳಿದ್ರೆ, ಅಮ್ಮಯ್ಯನ ಮೇಲೆ ಚಾಡಿ ಹೇಳ್ತೀಯಾ ಅಂತ ಇನ್ನೆರಡು ಬೀಳ್ತಿತ್ತು. ನೀನೇ ಹೇಳ್ತೀಯ ಅಂತ ಕಾದೆ. ಮೂರನೇ ಅಚ್ಚಿನ ತನಕ ಕಾದೆ.”

ತಟ್ಟೆಯಲ್ಲಿ ಎಡಗೈಯಿಂದ ಹುಡುಕಿ ಒಂದು ಗಿಳಿ ಎತ್ತಿ ನನ್ನ ಕೈಗಿಟ್ಟಳು.

“ತಿಂದು ಒಳ್ಳೆ ಮಾತಾಡು ಅಂದ್ಳು ಆವತ್ತು ಅತ್ತೆ. ನಾನು ಒಳಗಿಂದ ಕೇಳಿಸ್ಕೊತಾನೇ ಇದ್ದೆ. ನೀನು ತಿಂದೆ.”

ಅಷ್ಟು ಹೇಳಿ ಮತ್ತೆ ದಾರವನ್ನು ಹಲ್ಲಿಗೆ ಕಚ್ಚಿಕೊಂಡಳು.