ಹೂವಿನ ನಂಜಪ್ಪನ ಮಗಳು ಕಲಿಸಿದ ಮಾತು

ಕಳೆದ ಆಷಾಢದ ಒಂದು ಶುಕ್ರವಾರ ಬೆಳಿಗ್ಗೆ ದೇವರ ಮನೆಯಲ್ಲಿ ದೀಪ ಹಚ್ಚಲು ಕೂತಿದ್ದೆ. ಎಣ್ಣೆ ಬಟ್ಟಲು ಬಲಗೈಯಿಂದ ಜಾರಿ ಬಿತ್ತು. "ರೀ" ಅಂತ ನಮ್ಮ ಯಜಮಾನರನ್ನು ಕರೆಯಲು ಬಾಯಿ ತೆರೆದರೆ ಗೊರಗೊರ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. ಅವರು ಬಂದು ನೋಡುವ ಹೊತ್ತಿಗೆ ನನ್ನ ಬಾಯಿ ಒಂದು ಕಡೆಗೆ ವಾಲಿತ್ತಂತೆ.

ರಾಜಾಜಿನಗರದ ಒಂದು ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದೆ. ಕಾಲು ಚೇತರಿಸಿಕೊಂಡಿತು, ಕೈ ಅರ್ಧ ಬಂತು, ಮಾತು ಮಾತ್ರ ಬರಲಿಲ್ಲ. ಇಪ್ಪತ್ತೆಂಟು ವರ್ಷ ಸ್ಕೂಲಲ್ಲಿ ಕನ್ನಡ ಪಾಠ ಮಾಡಿದವಳು ನಾನು, ಕುರುಬರಹಳ್ಳಿಯ ನಮ್ಮ ಶಾರದಾಂಬೆ ಗುಡಿಯ ಭಜನೆ ತಂಡದಲ್ಲಿ ಮುಂದಿನ ಸಾಲಿನಲ್ಲಿ ಕೂತು ಹಾಡುವವಳು. ಒಂದು ಲೋಟ ನೀರು ಕೇಳಲಾರದೆ ಕೈ ತೋರಿಸುತ್ತಿದ್ದೆ. ಸೊಸೆಯಂದಿರು ಅತ್ತೆಯ ಬಾಯಿ ನಿಂತರೆ ಸಂತೋಷ ಪಡುತ್ತಾರೆ ಅಂತ ಯಾರೋ ತಮಾಷೆ ಮಾಡಿದರು. ನನಗೆ ಸೊಸೆಯೂ ಇಲ್ಲ, ಇರುವವಳು ಒಬ್ಬಳೇ ಮಗಳು, ಅವಳು ಪಕ್ಕದಲ್ಲೇ ಕೂತು ಅಳುತ್ತಿದ್ದಳು. ತಾಯೀ, ನನ್ನ ಮಾತು ಕೊಡು, ನವರಾತ್ರಿಗೆ ನಿನ್ನ ಮಂಗಳಾರತಿ ಹಾಡುತ್ತೇನೆ ಅಂತ ಮನಸ್ಸಿನಲ್ಲೇ ಹರಕೆ ಹೊತ್ತೆ.

ಡಾಕ್ಟರು ಹೇಳಿದರು: "ಇವರಿಗೆ ಮಾತು ಕಲಿಸೋರು ಬೇಕು. ಮಾರ್ಕೆಟ್ ಹತ್ರ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಅಲ್ಲಿ ಚೆನ್ನಾಗಿ ನೋಡ್ತಾರೆ."

ಸರ್ಕಾರಿ ಅಂದಿದ್ದಕ್ಕೆ ನನ್ನ ಮುಖ ಸಿಂಡರಿಸಿತು. ಮಾತು ಹೋದರೂ ಆ ಬುದ್ಧಿ ಹೋಗಿರಲಿಲ್ಲ ನೋಡಿ.

ಮಹಾಲಕ್ಷ್ಮಿ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ ಹೋದೆವು. ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಕೆಂಗೇರಿಯ ಆಟೋ ಡ್ರೈವರೊಬ್ಬರು, ಹೇರೋಹಳ್ಳಿಯಿಂದ ಬಂದ ತಾಯಿ, ಅವಳ ಮಡಿಲಲ್ಲಿ ಕಿವಿಗೆ ಮಿಷನ್ ಹಾಕಿದ್ದ ಮಗು. ನಮ್ಮ ಸರದಿ ಬಂದು ಒಳಗೆ ಹೋದರೆ, ಬಿಳಿ ಕೋಟು ಹಾಕಿಕೊಂಡು ಕೂತಿದ್ದವಳು ರೂಪಾ. ನಮ್ಮ ಗುಡಿ ಮುಂದೆ ಹೂವು ಮಾರುವ ನಂಜಪ್ಪನ ಮಗಳು.

ನಮ್ಮ ಯಜಮಾನರಿಗೆ ಖುಷಿಯೋ ಖುಷಿ. "ನೀನು ನಂಜಪ್ಪನ ಮಗಳಲ್ವೇನಮ್ಮ! ಇವರ ಗುರುತು ಸಿಕ್ತಾ?"

"ಸಿಕ್ತು ಅಂಕಲ್," ಅಂದಳು. "ಕೂತ್ಕೊಳಿ ಆಂಟಿ."

ನಾನು ತಲೆ ತಗ್ಗಿಸಿದೆ. ಮಾತು ಬರದೇ ಇರುವುದು ಆ ಹೊತ್ತಿಗೆ ಒಳ್ಳೆಯದೇ ಆಯಿತು ಅನಿಸಿತು. ತಾಯೀ, ಇವಳು ಬೇಡ, ಬೇರೆ ಯಾರಾದರೂ ಸಿಗಲಿ ಅಂತಲೂ ಬೇಡಿಕೊಂಡೆ.

ಯಾಕೆ ಅಂತ ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದೆ ಇರಲಾರೆ. ಕೆಲವು ವರ್ಷಗಳ ಹಿಂದೆ ನಂಜಪ್ಪ ಒಂದು ಫಾರಂ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದ. ಮಗಳಿಗೆ ಪಿಯುಸಿಯಲ್ಲಿ ಒಳ್ಳೇ ಮಾರ್ಕ್ಸ್ ಬಂದಿತ್ತು, ಮಾತು ಬಾರದವರಿಗೆ ಚಿಕಿತ್ಸೆ ಕೊಡುವ ಓದಿಗೆ ಮೈಸೂರಿನ ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಗುವ ಹಾಗಿತ್ತು, ಹಾಸ್ಟೆಲ್ ಕೂಡ. "ಟೀಚರಮ್ಮ, ನೀವು ಹೂಂ ಅಂದ್ರೆ ಕಳಿಸ್ತೀನಿ, ನಂಗೇನು ಗೊತ್ತಾಗುತ್ತೆ," ಅಂದ.

ಅದೇ ವಾರ ಸರ್ಕಾರಿ ಸೀಟಿನ ಪಟ್ಟಿಯಲ್ಲಿ ನನ್ನ ಮಗಳ ಹೆಸರು ಬಂದಿರಲಿಲ್ಲ. ಹೊಟ್ಟೆಯಲ್ಲಿ ಕಿಚ್ಚು ಇತ್ತು. ಕಾಫಿ ಕೊಟ್ಟು, ನಗುತ್ತಲೇ ಹೇಳಿದೆ: "ಸರ್ಕಾರಿ ಹಾಸ್ಟೆಲಲ್ಲಿ ಹುಡುಗೀರು ಹಾಳಾಗ್ತಾರೆ ನಂಜಪ್ಪ. ಆ ಓದಿಗೆ ಕೆಲಸಾನೂ ಸಿಗಲ್ಲ. ಟೈಲರಿಂಗ್ ಕಲಿಸು, ಮದುವೆ ಮಾಡು."

ಅವನು ಕೈ ಮುಗಿದು ಹೋದ. ಟೀಚರಮ್ಮ ಸುಳ್ಳು ಹೇಳ್ತಾರಾ?

ಹೇಳಿದವಳು ಎಂಥವಳು ಅಂತೀರಿ! ನಮ್ಮಪ್ಪ ಬಟ್ಟೆ ಗಿರಣಿಯ ಕೂಲಿ. ಆರು ಮಕ್ಕಳು. ಸರ್ಕಾರಿ ಕಾಲೇಜು, ಸರ್ಕಾರಿ ಹಾಸ್ಟೆಲಿನ ಮುದ್ದೆ ಸಾರು ಇಲ್ಲದಿದ್ದರೆ ನಾನು ಟೀಚರಾಗುವುದಿರಲಿ, ಹತ್ತನೇ ಕ್ಲಾಸಿನಾಚೆಗೆ ಕಾಲಿಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕೈಯಲ್ಲಿ ಪುಸ್ತಕ ಹಿಡಿದ ತಾಯಿಗೆ ಹೂವೇರಿಸುತ್ತಾ, ಆ ಹೂವು ಕಟ್ಟಿದವನ ಮಗಳ ಕೈಯಿಂದ ಪುಸ್ತಕ ಕಿತ್ತುಕೊಂಡವಳು ನಾನು.

ರೂಪಾ ಏನನ್ನೂ ತೋರಿಸಿಕೊಳ್ಳಲಿಲ್ಲ. ಮೊದಲ ದಿನ ನನ್ನ ಹೆಸರು ಕೇಳಿದಳು, ಬರಲಿಲ್ಲ. ಲೋಟ ತೋರಿಸಿದಳು, ಬರಲಿಲ್ಲ. ಆಮೇಲೆ ನನ್ನ ಎಡಗೈ ಹಿಡಿದು, ಮೇಜಿನ ಮೇಲೆ ಮೆಲ್ಲಗೆ ತಟ್ಟಿಸುತ್ತಾ, ನಮ್ಮ ಗುಡಿಯ ಮಂಗಳಾರತಿಯ ರಾಗ ಗುನುಗಿದಳು. ಎರಡನೇ ಸಾಲಿಗೆ ನನ್ನ ಬಾಯಿ ತಾನೇ ತೆರೆಯಿತು. ಪದಗಳು ಬಂದವು! ಲೋಟ ಅನ್ನಲಾಗದವಳು ಇಡೀ ಸಾಲು ಹಾಡಿದೆ. ಯಜಮಾನರು ಎದ್ದು ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡರು.

"ಮಾತು ಕೆಟ್ಟರೂ ಹಾಡು ಮೆದುಳಲ್ಲಿ ಉಳ್ಕೊಂಡಿರುತ್ತೆ ಅಂಕಲ್. ಅದನ್ನ ಹಿಡ್ಕೊಂಡೇ ಮಾತು ತರ್ಬೇಕು," ಅಂದಳು. ಅದೇ ರಾಗಕ್ಕೆ ನೀ-ರು-ಬೇ-ಕು ಅಂತ ತಟ್ಟಿಸಿದಳು. ವಾರಕ್ಕೆ ಮೂರು ದಿನ, ಮೂರು ತಿಂಗಳು. ಒಂದು ದಿನವೂ ಬೇಜಾರು ಮಾಡಿಕೊಳ್ಳಲಿಲ್ಲ.

ಒಮ್ಮೆ ನಮ್ಮ ಯಜಮಾನರು, "ಇಷ್ಟು ಚೆನ್ನಾಗಿ ಕಲಿತಿದೀಯ, ಪ್ರೈವೇಟಲ್ಲಿ ಜಾಸ್ತಿ ಸಂಬಳ ಕೊಡ್ತಾರಲ್ಲಮ್ಮ?" ಅಂದರು.

ಅವಳು ನಕ್ಕಳು. "ನಾನು ಓದಿದ್ದು ಅಪ್ಪನ ಹೂವಿನ ದುಡ್ಡಲ್ಲಲ್ಲ ಅಂಕಲ್. ಬೆಂಕಿಪೊಟ್ಟಣ ಕೊಂಡು ಟ್ಯಾಕ್ಸ್ ಕಟ್ಟಿದವರಿಂದ ಹಿಡಿದು ಎಲ್ಲರೂ ಸೇರಿ ಓದಿಸಿದಾರೆ. ಹೊರಗಡೆ ಬೆಂಚಲ್ಲಿ ಕೂತಿದಾರಲ್ಲ, ಅವರೂ. ನೀವೂ. ಅವ್ರಿಗೆ ಬೇರೆ ಎಲ್ಲೂ ಇದು ಸಿಗಲ್ಲ."

ನಾನೂ! ಬೇಡ ಅಂದಿದ್ದವಳ ಪಾಲೂ ಅದರಲ್ಲಿತ್ತು. ನಾಡು ನನ್ನ ಮಾತು ಕೇಳದೆ ಅವಳನ್ನು ಓದಿಸಿತ್ತು, ಈಗ ನನಗೇ ಮಾತು ಬರಿಸುತ್ತಿತ್ತು.

ನವರಾತ್ರಿ ಬಂತು. ತಾಯಿ ಮುಂದೆ ನಿಂತು ಮಂಗಳಾರತಿ ಹಾಡಿದೆ, ಎರಡು ಕಡೆ ತಡವರಿಸಿದೆ ಅಷ್ಟೆ. ಭಜನೆಯವರೆಲ್ಲ ಬಂದು ತಬ್ಬಿಕೊಂಡರು. "ಹೇಗ್ರೀ ಸರಿಹೋಯ್ತು?" ಅಂದರು. "ತಾಯಿ ಕೊಟ್ಟಳು," ಅಂದೆ. ರೂಪಾಳ ಹೆಸರು ಹೇಳಲಿಲ್ಲ. ಹತ್ತು ಹೆಜ್ಜೆ ಆಚೆ ನಂಜಪ್ಪ ಹೂವು ಕಟ್ಟುತ್ತಾ ಕೂತಿದ್ದ. ಹೆಸರು ಹೇಳಿದರೆ ಹಳೆಯದೆಲ್ಲ ಹೊರಬರುತ್ತದೆ ಅನ್ನುವ ಭಯ. ಮನೆಗೆ ಬಂದ ಮೇಲೆ ಪ್ರಸಾದ ಬಾಯಿಗಿಡದೆ ದೇವರ ಮನೆಯಲ್ಲೇ ಇಟ್ಟೆ. ನಾನು ಮರಳಿಸಿದ ಮಾತನ್ನು ನಿಜ ಬಚ್ಚಿಡುವುದಕ್ಕೆ ಬಳಸುತ್ತೀಯಾ ಅಂತ ತಾಯಿಯೇ ಕೇಳಿದ ಹಾಗಾಯಿತು.

ಮುಂದಿನ ಬುಧವಾರ ಯಜಮಾನರನ್ನು ಹೊರಗೆ ಕೂರಿಸಿ ಒಬ್ಬಳೇ ಒಳಗೆ ಹೋದೆ. ಎಡಗೈಯಿಂದ ಮೇಜು ತಟ್ಟಿಕೊಂಡೇ ಹೇಳಿದೆ. "ಅವತ್ತು... ನಿಮ್ಮಪ್ಪನಿಗೆ... ನಾನೇ... ಬೇಡ... ಅಂದೆ. ಹೊಟ್ಟೆಕಿಚ್ಚು. ತ-ಪ್ಪಾ-ತು."

ರೂಪಾ ಪೆನ್ನು ಕೆಳಗಿಟ್ಟಳು.

"ಗೊತ್ತು ಆಂಟಿ. ಅಪ್ಪ ಅವತ್ತೇ ಹೇಳಿದ್ರು. ಒಂದು ವರ್ಷ ಗಾರ್ಮೆಂಟ್ಸಲ್ಲಿ ಗುಂಡಿ ಹೊಲಿದೆ. ಆಮೇಲೆ ನಮ್ಮ ಪಿಯು ಕಾಲೇಜಿನ ಮೇಡಂ ಒಬ್ರು ಮನೆಗೇ ಬಂದು ಅಪ್ಪನ್ನ ಒಪ್ಪಿಸಿದ್ರು." ಅವಳ ದನಿ ಸಣ್ಣದಾಯಿತು. "ಆ ವರ್ಷ ಮಾತ್ರ ವಾಪಸ್ ಬರಲ್ಲ. ನಿಮ್ಮನ್ನ ಮೊದಲ ದಿನ ನೋಡ್ದಾಗ ಎದ್ದು ಹೋಗ್ಬೇಕು ಅನ್ನಿಸ್ತು."

ಅವಳು ಕಣ್ಣೊರೆಸಿಕೊಂಡು ನನ್ನ ಎಡಗೈ ಎಳೆದುಕೊಂಡಳು.

"'ತಪ್ಪಾಯ್ತು' ಅನ್ನೋದ್ರಲ್ಲಿ 'ಯ್' ಬರ್ತಾ ಇಲ್ಲ ಆಂಟಿ. ಇನ್ನೊಂದ್ಸಲ ಹೇಳಿ."

ಹೇಳಿದೆ. ಸರಿಯಾಗಿ ಬರುವವರೆಗೂ ಹೇಳಿದೆ. ಸಂಜೆ ಗುಡಿಯ ಮುಂದೆ ಎಲ್ಲರೂ ಕೇಳುವ ಹಾಗೆ ನಂಜಪ್ಪನಿಗೂ ಅದನ್ನೇ ಹೇಳಿದೆ.

ತಾಯಿಯ ಭಕ್ತರೇ, ನಾನು ಕೇಳಿದ್ದು ಹಾಡುವ ಬಾಯಿ. ತಾಯಿ ಕೊಟ್ಟದ್ದು ಒಪ್ಪಿಕೊಳ್ಳುವ ಬಾಯಿ. ನಾಚಿಕೆ ಇನ್ನೂ ಇದೆ, ಇರಲಿ. ಬಡವರ ಮಕ್ಕಳು ಓದುವ ಪ್ರತಿ ಸರ್ಕಾರಿ ಕಾಲೇಜಿನಲ್ಲೂ ಆ ತಾಯಿ ಕೂತಿದ್ದಾಳೆ ಅಂತ ಈಗ ನಂಬಿದ್ದೇನೆ. ಅವಳ ಪಾದಕ್ಕೆ ನನ್ನ ಶರಣು.