ಒಂದು ಇಂಚು ತಗ್ಗಿದ ಬೈಕು

ಹೋದ ವಾರ ನನ್ನ ಗಂಡನನ್ನು ನಡುರಸ್ತೆಯಲ್ಲಿ ಕೆಡವಿದೆ.

(ಜಗಳವೇನೂ ಇರಲಿಲ್ಲ. ಅವತ್ತಂತೂ ಇರಲಿಲ್ಲ.)

ಮೂರು ತಿಂಗಳ ಹಿಂದೆ ಮುತ್ತತ್ತಿಯಲ್ಲಿ ಹೊಳೆಬಂಡೆಯ ಮೇಲೆ ಜಾರಿ ಅವರ ಬಲಭುಜ ಮುರಿದಿತ್ತು. ಆಪರೇಶನ್ ಆಯಿತು. ಈಗ ವಾರಕ್ಕೆ ಮೂರು ದಿನ ನಮ್ಮೂರು ಹೊಳಲಿನಿಂದ ಮಂಡ್ಯಕ್ಕೆ ಹೋಗಿ ಫಿಸಿಯೋಥೆರಪಿ ಮಾಡಿಸಬೇಕು. ಅವರು ಹ್ಯಾಂಡಲ್ ಹಿಡಿಯುವಂತಿಲ್ಲ. ನನಗೆ ಲೈಸೆನ್ಸ್ ಇದೆ, ಮದುವೆಗೆ ಮುಂಚೆ ಅಪ್ಪನ ಬೈಕಿನಲ್ಲಿ ಕಲಿತದ್ದು. ಇಲ್ಲದಿರುವುದು ಎತ್ತರ. ನಾಲ್ಕು ಅಡಿ ಹತ್ತು ಇಂಚು, ಅದೂ ಚಪ್ಪಲಿ ಸೇರಿಸಿ. ಮನೆಯಲ್ಲಿರುವುದೋ ಆರಡಿ ಗಂಡಸಿನ ಬೈಕು.

ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರ್ ದಿಢೀರನೆ ನಿಂತಿತು. ಬ್ರೇಕ್ ಹಾಕಿದೆ. ಕಾಲು ಚಾಚಿದೆ. ನೆಲ ಎಲ್ಲಿ? ಬೆರಳ ತುದಿಗಷ್ಟೇ ಸಿಕ್ಕಿತು. ಬೈಕು ವಾಲಿತು, ಇಬ್ಬರೂ ಬಿದ್ದೆವು. ಎಡಕ್ಕೆ ಬಿದ್ದದ್ದು ನಮ್ಮ ಪುಣ್ಯ. ಬಲಕ್ಕೆ ಬಿದ್ದಿದ್ದರೆ?

"ಬುಡು, ಇದ ಮಾರ್ಬುಡಾನ. ನಿನ್ ಕೈಲಾಗಕಿಲ್ಲ ಕಣೆ," ಎಂದರು ಧೂಳು ಕೊಡವಿಕೊಳ್ಳುತ್ತಾ.

ತಪ್ಪು ಕೈಯದಲ್ಲ, ಕಾಲಿನದು ಎನ್ನೋಣ ಎನಿಸಿತು. ಮೊದಲು ಬೈಕು ಎತ್ತಿ ನಿಲ್ಲಿಸಿದೆ.

ಸಲಹೆಗಳಿಗೇನು ಕಮ್ಮಿ? ಹೀಲ್ಸ್ ಹಾಕ್ಕೊಳ್ಳಿ ಎಂದರು ಒಬ್ಬರು. (ಹೀಲ್ಸ್ ಹಾಕಿಕೊಂಡು ಗೇರ್ ಬದಲಿಸುವುದನ್ನು ಅವರೇ ಒಮ್ಮೆ ತೋರಿಸಲಿ.) ಹೆಂಗಸರಿಗೆ ಯಾಕೆ ಬೈಕು ಎಂದರು ಇನ್ನೊಬ್ಬರು.

ಬೈಕು ತೋರಿಸಲು ಹೋದಾಗ ಮಂಡ್ಯದ ಗುತ್ತಲು ರಸ್ತೆಯ ಮೆಕ್ಯಾನಿಕ್ ಮುಜೀಬಣ್ಣ ಮಾತ್ರ ಸಲಹೆ ಕೊಡಲಿಲ್ಲ. "ಅಕ್ಕಾ, ಅತ್ತಿ ಕುಂತ್ಕೊಳಿ. ಅಣ್ಣ, ನೀವೂ ಇಂದೆ ಕುಂತ್ಕೊಳಿ. ಕಾಲ್ ಬುಡಿ, ನೋಡಾನ," ಎಂದ. ಕುಕ್ಕರಗಾಲಲ್ಲಿ ಕೂತು, ನನ್ನ ಹಿಮ್ಮಡಿಗೂ ನೆಲಕ್ಕೂ ನಡುವಿನ ಜಾಗಕ್ಕೆ ಟೇಪು ಹಿಡಿದ.

"ಸೀಟಿನ ಸ್ಪಂಜ್ ಕುಯ್ದ್ರೆ ಬಿರ್ನೆ ಆಯ್ತದೆ. ಆದ್ರೆ ಕುಯ್ಯಕಿಲ್ಲ. ಅಳ್ಳಕ್ಕೆ ಬಿದ್ರೆ ಅಣ್ಣನ ಬುಜ ಅಲ್ಲಾಡ್ತದೆ. ಮುಂದ್ಲ ಶಾಕಪ್ಸರ್ ಇಳಿಸ್ತೀನಿ."

ಎಂಜಿನ್ ಕೆಳಗೆ ಜಾಕ್ ಕೊಟ್ಟು ಮುಂಚಕ್ರ ಎತ್ತಿದ. ಆ ಚಕ್ರವನ್ನು ಹಿಡಿದು ಕುಲುಕಾಟ ತಡೆಯುವ ಶಾಕಪ್ಸರಿನ ಎರಡು ಉದ್ದ ಕೊಳವೆಗಳ ಬೋಲ್ಟ್ ಸಡಿಲಿಸಿ, ಅವನ್ನು ಒಂದೇ ಒಂದು ಇಂಚು ಮೇಲಕ್ಕೆ ಸರಿಸಿದ. ಬೈಕಿನ ಮೂತಿ ಅಷ್ಟು ಕೆಳಗಿಳಿಯಿತು. ಹಿಂದಕ್ಕೆ ಸ್ವಲ್ಪ ಗಿಡ್ಡ ಶಾಕಪ್ಸರ್ ಹಾಕಿದ.

"ಇನ್ನೊಂದ್ ಇಂಚು ಇಳಿಸಪ್ಪ," ಎಂದು ಗೋಗರೆದೆ.

"ಆಗಕಿಲ್ಲ ಅಕ್ಕಾ. ಅಂಪ್ಸಲ್ಲಿ ತಳ ಉಜ್ತದೆ."

ಆಮೇಲೆ ಬೈಕನ್ನು ಸೈಡ್ ಸ್ಟ್ಯಾಂಡಿಗೆ ನಿಲ್ಲಿಸಿ ದೂರ ನಿಂತು ನೋಡಿದ. ಗಾಡಿ ತಗ್ಗಿದ್ದರಿಂದ ಸ್ಟ್ಯಾಂಡ್ ಉದ್ದವಾಗಿತ್ತು. ಬೈಕು ನೆಟ್ಟಗೆ ನಿಂತು ಆ ಕಡೆ ಬೀಳುವಂತಿತ್ತು. ಅದನ್ನೂ ಕತ್ತರಿಸಿ ಬೆಸೆದ. ನಾನು ಕೇಳಿರಲಿಲ್ಲ. ನನಗೆ ಹೊಳೆದೂ ಇರಲಿಲ್ಲ.

ಅಂಗಡಿ ಮುಂದಿನ ಹಂಪ್ ಮೇಲೆ ಮೊದಲು ತಾನೇ ಓಡಿಸಿದ. ನಂತರ ನನ್ನೊಬ್ಬಳನ್ನೇ ಐದು ಸುತ್ತು ಹೊಡೆಸಿದ. ಪ್ರತಿ ಸುತ್ತಿಗೂ "ನಿಲ್ಸಿ, ಕಾಲ್ ಬುಡಿ" ಎನ್ನುವುದು. ಐದು ಸಲವೂ ಪಾದದ ಅರ್ಧ ನೆಲದ ಮೇಲೆ ಗಟ್ಟಿಯಾಗಿ ಕೂತಿತು. ಕಣ್ಣು ಮಂಜಾಯಿತು. ಹೆಲ್ಮೆಟ್ ಇತ್ತು, ಯಾರಿಗೂ ಕಾಣಲಿಲ್ಲ.

ಇಲ್ಲಿಂದ ಆಸ್ಪತ್ರೆಗೆ ಆಟೋದಲ್ಲೇ ಹೋಗ್ತೀನಿ ಎಂದು ಮನೆಯಿಂದಲೇ ಹಟ ಹಿಡಿದು ಬಂದಿದ್ದ ನಮ್ಮ ಯಜಮಾನರು ಅಂಗಡಿಯ ಬೆಂಚಿನಿಂದ ಎದ್ದು ಬಂದರು. ಹಿಂದೆ ಹತ್ತಿ ಕೂತರು.

"ನಡಿ, ಡಾಕ್ಟ್ರು ಕಾಯ್ತಾರೆ."

ಮೂವತ್ತು ವರ್ಷದ ಸಂಸಾರದಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಸಿಕ್ಕಿಲ್ಲ.

ಹೊರಡುವಾಗ ಮುಜೀಬಣ್ಣನಿಗೆ, ನಾನು ಕುಳ್ಳಿಯಾಗಿದ್ದಕ್ಕೆ ನಿನಗೆ ಎಷ್ಟೊಂದು ಕೆಲಸವಾಯಿತು ಎಂದೆ. ಅವನು ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ನಕ್ಕ. "ನೀವ್ ಸರ್ಯಾಗೇ ಇದೀರಿ ಕಣಕ್ಕಾ. ಗಾಡಿ ಒಸಿ ಎತ್ರ ಇತ್ತು, ಅಷ್ಟೇಯ."

ಬ್ಯಾಂಕಿನ ಕೌಂಟರಿನ ಮುಂದೆ ತುದಿಗಾಲಲ್ಲಿ ನಿಂತವಳು ನಾನು. ಅಡುಗೆಮನೆಯ ಮೇಲಿನ ಶೆಲ್ಫಿಗೆ ಸ್ಟೂಲ್ ಎಳೆದವಳು. ಇಷ್ಟು ವರ್ಷವೂ ತಪ್ಪು ನನ್ನದೇ ಎಂದುಕೊಂಡಿದ್ದೆ. ಹಾಗಲ್ಲ ಎಂದು ಹೇಳಿ, ಹೇಳಿದ್ದನ್ನು ಸ್ಪ್ಯಾನರ್ ಹಿಡಿದು ಮಾಡಿ ತೋರಿಸಿದ ಆ ಮನುಷ್ಯ ತಣ್ಣಗಿರಲಿ.

ಅಂದಹಾಗೆ, ನಮ್ಮ ಬಸ್ಸುಗಳ ಮೊದಲ ಮೆಟ್ಟಿಲನ್ನು ಯಾರ ಕಾಲು ಅಳೆದು ಮಾಡಿದ್ದಾರೆ?