ಮೊಲ ಮೆಲುಕು ಹಾಕುತ್ತದೆಯೇ?

ನಮ್ಮ ಬೈಬಲ್ಲಾದ ಸತ್ಯವೇದಕ್ಕೂ ವಿಜ್ಞಾನಕ್ಕೂ ಜಗಳವಿದೆಯೇ ಎಂದು ಯಾರಾದರೂ ಕೇಳಿದರೆ ನಾನು ಈಗ ಬಾಯಿ ಬಿಡುವುದಿಲ್ಲ. ಅಷ್ಟು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳಿದವಳು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳು, ನಿಮಗೇ ಗೊತ್ತಿಲ್ಲವೇ ಎಂದು ಕೆಣಕುತ್ತಾರೆ. ಕೆಣಕಲಿ. ಆ ಜಗಳವನ್ನು ನಾನೂ ಒಮ್ಮೆ ಆಡಿದ್ದೇನೆ, ಗೆದ್ದೂ ಇದ್ದೇನೆ. ಸೋತದ್ದು ನನ್ನ ಅಪ್ಪ.

ಆಗ ನಾವು ಹೆಬ್ಬಾಳದಲ್ಲಿದ್ದೆವು. ದನಕರುಗಳಿಗೆ ಲಸಿಕೆ ತಯಾರಿಸುವ ಸರ್ಕಾರಿ ಪ್ರಯೋಗಾಲಯದಲ್ಲಿ ಅಪ್ಪನಿಗೆ ಕೆಲಸ. ಪರೀಕ್ಷೆಗೆಂದು ಸಾಕಿದ ಮೊಲಗಳ ಉದ್ದನೆಯ ಶೆಡ್ಡು ಅವನ ಪಾಲಿನದು. ಕತ್ತಲು ಹರಿಯುವ ಮೊದಲೇ ಎದ್ದು ಹೋಗಿ ಹುಲ್ಲು ಹಾಕಿ, ನೀರಿಟ್ಟು, ಹಿಕ್ಕೆ ಬಳಿದು ಬರುತ್ತಿದ್ದ. ಯಾವ ಮೊಲ ಗಬ್ಬವಾಗಿದೆ, ಯಾವುದು ಮೇವು ಬಿಟ್ಟಿದೆ ಎಂದು ಡಾಕ್ಟರುಗಳೇ ಅವನನ್ನು ಕೇಳುತ್ತಿದ್ದರು. ಅವನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಅಪ್ಪ ಸತ್ಯವೇದ ಓದುವುದನ್ನು ನೀವು ಕೇಳಬೇಕಿತ್ತು. ಹಗಲೆಲ್ಲ ನಾಲ್ಕು ಮಾತಾಡದ ಮನುಷ್ಯ ಪುಸ್ತಕ ತೆರೆದರೆ ಬೇರೆಯವನೇ ಆಗಿಬಿಡುತ್ತಿದ್ದ.

ನಮ್ಮ ಕ್ವಾರ್ಟರ್ಸಿನಲ್ಲಿ ಕ್ರೈಸ್ತರ ಮನೆಗಳು ಆರೋ ಏಳೋ. ಪಾದ್ರಿ ಅಯ್ಯನವರು ಸೈಕಲ್ಲಿನಲ್ಲಿ ಬರುತ್ತಿದ್ದದ್ದು ತಿಂಗಳಿಗೊಮ್ಮೆ. ಉಳಿದಂತೆ ಪ್ರತಿ ಬುಧವಾರ ಸಂಜೆ ಒಂದೊಂದು ಮನೆಯಲ್ಲಿ ಸರದಿಯಂತೆ ಪ್ರಾರ್ಥನೆ ಕೂಟ. ಓದುವವನು ಅಪ್ಪ. ಅಧ್ಯಾಯ ಹಾರಿಸುವಂತಿರಲಿಲ್ಲ. ಯಾರು ಯಾರ ಮಗ ಎಂಬ ಪಟ್ಟಿ ಬಂದರೂ ಸರಿ, ಗುಡಾರಕ್ಕೆ ಎಷ್ಟು ಗೂಟ ಎಂಬ ಲೆಕ್ಕ ಬಂದರೂ ಸರಿ, ಪೂರ್ತಿ ಓದಲೇಬೇಕು. ಓದಿದ ಮೇಲೆ "ಯಾರ್ಗಾದ್ರೂ ಸಂದೇಹ ಐತಾ?" ಎಂದು ಕೇಳುವುದು ಪದ್ಧತಿ. ಯಾರಿಗೂ ಇರುತ್ತಿರಲಿಲ್ಲ. ಊಟಕ್ಕೆ ಕೂತವರಿಗೆ ಇನ್ನೊಂದು ತುತ್ತು ಹಾಕಲೇ ಎಂದು ಕೇಳುವ ಹಾಗೆ ಅದೂ ಒಂದು ಉಪಚಾರ. ಎಲ್ಲರೂ ಒಂದು ಗಳಿಗೆ ತಲೆ ತಗ್ಗಿಸಿ ಕೂತು, ಒಂದು ಕೀರ್ತನೆ ಹಾಡಿ, ಕಾಫಿ ಕುಡಿದು ಏಳುತ್ತಿದ್ದರು.

ನಾನಾಗ ಬಿ.ಎಸ್ಸಿ. ಎರಡನೇ ವರ್ಷ. ರಷ್ಯದವರು ಆಕಾಶಕ್ಕೆ ನಾಯಿ ಕಳಿಸಿದ್ದ ಕಾಲ. ಯಲಹಂಕದ ಕಡೆಯಿಂದ ಬರುವ ಬಸ್ಸಿನಲ್ಲಿ ನೇತಾಡಿಕೊಂಡು ಸಿಟಿಗೆ ಹೋಗಿ ಕಪ್ಪೆ ಕೊಯ್ದು ಬರುತ್ತಿದ್ದವಳಿಗೆ ಭೂಮಿ ಕಾಲ ಕೆಳಗಿತ್ತೋ ಇಲ್ಲವೋ ಸಂಶಯ. ನಮ್ಮ ಮನೆಗಳ ಸಾಲಿನಲ್ಲಿ ಕಾಲೇಜಿಗೆ ಹೋದ ಮೊದಲ ಹುಡುಗಿ ನಾನು. ಅದನ್ನು ನಾನೂ ಮರೆಯುತ್ತಿರಲಿಲ್ಲ, ಬೇರೆಯವರು ಮರೆಯಲೂ ಬಿಡುತ್ತಿರಲಿಲ್ಲ.

ಆ ಬುಧವಾರ ಸರದಿ ನಮ್ಮ ಮನೆಯದು. ಓದಬೇಕಾಗಿದ್ದ ಅಧ್ಯಾಯ ಯಾಜಕಕಾಂಡದ್ದು, ಯಾವ ಪ್ರಾಣಿಯನ್ನು ತಿನ್ನಬಹುದು, ಯಾವುದನ್ನು ತಿನ್ನಬಾರದು ಎಂಬ ಭಾಗ. ಎಲ್ಲರೂ ಆಕಳಿಸುತ್ತಿದ್ದರು. ಮೊಲ ಮೆಲುಕು ಹಾಕಿದರೂ ಅದಕ್ಕೆ ಸೀಳು ಗೊರಸಿಲ್ಲ, ಆದ್ದರಿಂದ ತಿನ್ನಬಾರದು ಎಂಬ ಮಾತು ಬಂದಾಗ ಅಪ್ಪ ಎಂದೂ ಇಲ್ಲದ ಹಾಗೆ ಓದು ನಿಲ್ಲಿಸಿದ. ಅವನ ಮುಖದಲ್ಲಿ ನಗು.

"ಇದು ದಿಟ ಕಣ್ರಪ್ಪ. ನಾನು ಕಣ್ಣಾರೆ ಕಂಡೀನಿ," ಎಂದ.

ಅಷ್ಟು ದೊಡ್ಡ ಪುಸ್ತಕದಲ್ಲಿ ತನಗೆ ಖುದ್ದಾಗಿ ಗೊತ್ತಿರುವ ಒಂದು ಸಂಗತಿ ಸಿಕ್ಕಿತೆಂದು ಅವನಿಗೆ ಹಿಗ್ಗು. ಈಗ ನನಗೆ ಅದು ಅರ್ಥವಾಗುತ್ತದೆ. ಆಗ ಅರ್ಥವಾಗಲಿಲ್ಲ. ಓದು ಮುಗಿದು "ಯಾರ್ಗಾದ್ರೂ ಸಂದೇಹ ಐತಾ?" ಎಂದು ಅಪ್ಪ ವಾಡಿಕೆಯಂತೆ ಕೇಳಿದಾಗ ನಾನು ಎದ್ದು ನಿಂತೆ.

"ಸತ್ಯವೇದದಲ್ಲಿ ತಪ್ಪಿದೆ," ಎಂದೆ. "ಮೆಲುಕು ಹಾಕೋ ಪ್ರಾಣಿಗೆ ಹೊಟ್ಟೇಲಿ ನಾಲ್ಕು ಕೋಣೆ ಇರ್ಬೇಕು. ಮೊಲಕ್ಕೆ ಇರೋದು ಒಂದೇ. ಅದು ಮೆಲುಕು ಹಾಕೋಕೆ ಸಾಧ್ಯವೇ ಇಲ್ಲ."

ಜಕ್ಕೂರಿನಿಂದ ಹಾರಿದ ಪುಟ್ಟ ವಿಮಾನವೊಂದು ನಮ್ಮ ಹೆಂಚಿನ ಮೇಲೆ ಗುಯ್ಗುಟ್ಟುತ್ತಾ ಹೋಯಿತು. ಅದರ ಸದ್ದು ಅಡಗುವವರೆಗೆ ಅಪ್ಪ ಕಾದ. ಅವನಿಗೆ ಕೋಪ ಬಂದಿರಲಿಲ್ಲ.

"ಒಟ್ಟೆ ವಿಚಾರ ನಂಗೊತ್ತಿಲ್ಲ ಕಣಮ್ಮ," ಎಂದ. "ಆದ್ರೆ ಬೆಳಗಾನ ನೋಡು, ಅದು ಮೈ ಬಗ್ಗಿಸ್ಕೊಂಡು ಇಂದ್ಗಡೆಯಿಂದ ಏನೋ ಬಾಯಿಗೆ ತಕ್ಕೊಂಡು ತಿಂತದೆ. ಆವಾಗ ಗೂಡಲ್ಲಿ ಮೇವೇ ಇರಾಕಿಲ್ಲ. ದಿನಾ ನೋಡ್ತೀನಿ. ನಾಳೆ ನನ್ ಜೊತೆ ಬಾ, ನೀನೂ ನೋಡೀಯಂತೆ."

"ನೋಡೋದೇನಿದೆ? ಪುಸ್ತಕದಲ್ಲೇ ಬರೆದಿದೆ," ಎಂದೆ. ಆಮೇಲೆ, ಯಾಕೆ ಅಂದೆನೋ ಗೊತ್ತಿಲ್ಲ, ಇನ್ನೊಂದು ಮಾತೂ ಅಂದೆ. "ಹಿಕ್ಕೆ ಬಳಿಯೋರಿಗೆ ಅದೆಲ್ಲ ತಿಳಿಯಲ್ಲಪ್ಪ."

ಲ್ಯಾಬಿನಲ್ಲಿ ಕೆಲಸಕ್ಕಿದ್ದ ಎದುರು ಮನೆಯ ಯುವಕನೊಬ್ಬ ಕಿಸಕ್ಕನೆ ನಕ್ಕ. ಅವನನ್ನು ನೋಡಿ ಇನ್ನಿಬ್ಬರು ನಕ್ಕರು. ಅವ್ವ ಅಡುಗೆ ಮನೆಯ ಬಾಗಿಲಲ್ಲಿ ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತವಳು ಅಲ್ಲೇ ನಿಂತಳು. ಅಪ್ಪ ಪುಸ್ತಕ ಮುಚ್ಚಿ, "ಸರಿ, ಓದ್ದೋರು ಯೋಳ್ತಾವ್ರೆ," ಎಂದು ಕೀರ್ತನೆ ಎತ್ತಿಕೊಂಡ. ಎರಡನೇ ಸಾಲಿಗೆ ಹಾಡು ಬಿಟ್ಟು ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತತೊಡಗಿದ. ಬೇರೆಯವರು ಹಾಡಿ ಮುಗಿಸಿದರು.

ಮುಂದಿನ ಬುಧವಾರ ಅಪ್ಪ ಪುಸ್ತಕವನ್ನು ಪಕ್ಕದ ಮನೆಯವರ ಕೈಗೆ ಕೊಟ್ಟ. ಕಣ್ಣು ಮಂಜು ಎಂದ. ಅವನ ಕಣ್ಣಿಗೆ ಏನೂ ಆಗಿರಲಿಲ್ಲ. ಮೊಲದ ಕಿವಿಯಲ್ಲಿರುವ ಉಣ್ಣೆ ಹುಳುವನ್ನು ಮಾರು ದೂರದಿಂದ ಕಾಣುತ್ತಿದ್ದ. ಅಯ್ಯನವರು ಬಂದು ಹೇಳಿದರು, ಅವ್ವ ಗೋಗರೆದಳು. ಅವನು ಮತ್ತೆ ಓದಲಿಲ್ಲ. ಮನೆಯಲ್ಲಿ ಮೂವರೇ ಕೂತಾಗಲೂ ಓದಲಿಲ್ಲ. ಅವ್ವ ಅಕ್ಷರ ಕೂಡಿಸಿಕೊಂಡು ತಡವರಿಸುತ್ತಾ ಓದುವಳು, ಅವನು ಗೋಡೆಗೆ ಒರಗಿ ಕೇಳುವನು. ನನ್ನ ಮೇಲೆ ಮುನಿಸಿಕೊಂಡಿದ್ದನೇ ಎಂದರೆ ಅದೂ ಇಲ್ಲ. ಬೆಳಿಗ್ಗೆ ನನ್ನನ್ನು ಬಸ್ಸಿಗೆ ಹತ್ತಿಸಿ, ಅದು ಕೆರೆಯ ತಿರುವು ದಾಟುವವರೆಗೆ ನಿಂತಿರುತ್ತಿದ್ದ. ನನ್ನ ಫೀಸಿಗೆಂದು ಭಾನುವಾರವೂ ಕೆಲಸಕ್ಕೆ ಹೋದ. ಅವನು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ನಾನು ಎಂ.ಎಸ್ಸಿ. ಮುಗಿಸಿ ಸಿಟಿಯ ಕಾಲೇಜೊಂದರಲ್ಲಿ ಪಾಠಕ್ಕೆ ಸೇರಿದೆ. ಅಲ್ಲಿಯ ಲೈಬ್ರರಿಯಲ್ಲಿ ಒಂದು ಮಧ್ಯಾಹ್ನ ಹೊಸದಾಗಿ ಬಂದಿದ್ದ ದಪ್ಪ ಪುಸ್ತಕ ತಿರುವಿ ಹಾಕುತ್ತಿದ್ದಾಗ ಮೊಲದ ಜೀರ್ಣಕ್ರಿಯೆಯ ಪುಟ ಬಂತು. ಮೊಲ ಹಾಕುವುದು ಎರಡು ಬಗೆಯ ಹಿಕ್ಕೆ. ಒಂದು ನಾವು ಕಾಣುವ ಒಣ ಗೋಲಿ. ಇನ್ನೊಂದು ಮೆದು. ಅದು ನೆಲಕ್ಕೆ ಬೀಳುವುದೇ ಇಲ್ಲ. ಸಾಮಾನ್ಯವಾಗಿ ರಾತ್ರಿಯಲ್ಲೋ ಬೆಳಗಿನ ಜಾವದಲ್ಲೋ ಮೊಲ ಮೈ ಬಗ್ಗಿಸಿ ಅದನ್ನು ನೇರವಾಗಿ ಬಾಯಿಗೆ ತೆಗೆದುಕೊಂಡು ಎರಡನೆಯ ಸಲ ಜೀರ್ಣಿಸಿಕೊಳ್ಳುತ್ತದೆ. ಇದು ವಿಜ್ಞಾನಕ್ಕೆ ಬಹಳ ಹಿಂದೆಯೇ ತಿಳಿದಿದ್ದ ಸಂಗತಿಯಂತೆ. ನನ್ನ ಬಿ.ಎಸ್ಸಿ. ಪುಸ್ತಕದಲ್ಲಿ ಇರಲಿಲ್ಲ, ಅಷ್ಟೆ.

ಇದರಿಂದ ಸತ್ಯವೇದ ಗೆದ್ದಿತು ಎಂದು ನಾನು ಹೇಳುವುದಿಲ್ಲ. ಹಸುವಿನ ಮೆಲುಕೇ ಬೇರೆ, ಇದೇ ಬೇರೆ. ಬಲ್ಲವರು ಇವತ್ತಿಗೂ ಇದರ ಬಗ್ಗೆ ವಾದ ಮಾಡುತ್ತಾರೆ, ಮಾಡಿಕೊಳ್ಳಲಿ. ನನಗೆ ಕಂಡದ್ದು ಇಷ್ಟು: ಅಂದು ಆ ಕೋಣೆಯಲ್ಲಿ ಪುಸ್ತಕದಲ್ಲಿದೆ ಎಂದು ಕಣ್ಣು ಮುಚ್ಚಿ ನಂಬಿದ್ದವಳು ನಾನು. ದಿನಾ ಎದ್ದು ಹೋಗಿ ನೋಡಿ ಬಂದಿದ್ದವನು ಅಪ್ಪ. ವಿಜ್ಞಾನಿ ಯಾರು ಎಂದು ನಾನು ತಿಳಿದಿದ್ದೆನೋ ಅದೇ ತಲೆಕೆಳಗಾಗಿತ್ತು.

ಅಂದೇ ಬಸ್ಸು ಹತ್ತಿ ಹೋಗಿ ಅಪ್ಪನ ಕಾಲು ಹಿಡಿದೆ ಎಂದು ಬರೆಯುವಂತಿದ್ದರೆ ಚೆನ್ನಾಗಿತ್ತು. ನಾನು ಹೋಗಲಿಲ್ಲ. ಅಪ್ಪ ಆಗ ನಿವೃತ್ತನಾಗಿ ಪುಟ್ಟೇನಹಳ್ಳಿಯ ಕೆರೆಯ ಹತ್ತಿರ ಎರಡು ಕೋಣೆಯ ಮನೆಯಲ್ಲಿದ್ದ. ನಾನು ಪ್ರತಿ ಭಾನುವಾರ ಹೋಗುತ್ತಿದ್ದೆ. ಊಟ ಮಾಡುತ್ತಿದ್ದೆ, ಮಾತಾಡುತ್ತಿದ್ದೆ, ಆ ಒಂದು ಮಾತು ಬಿಟ್ಟು. ನಾಲ್ಕು ತಿಂಗಳು ಹೀಗೇ ಕಳೆಯಿತು. ನಕ್ಕವರೆಲ್ಲರನ್ನೂ ಕೂರಿಸಿಕೊಂಡು ಹೇಳಬೇಕು, ಅದಕ್ಕೊಂದು ಬುಧವಾರ ಗೊತ್ತು ಮಾಡಬೇಕು ಎಂದು ನೆಪ ಹೂಡಿಕೊಂಡೆ. ನಿಜವೆಂದರೆ ನನ್ನ ನಾಲಿಗೆ ಏಳಲಿಲ್ಲ. ಅಪ್ಪನನ್ನು ತಪ್ಪೆನ್ನಲು ಒಂದು ಕ್ಷಣದಲ್ಲಿ ಎದ್ದು ನಿಂತವಳಿಗೆ, ನಾನು ತಪ್ಪಿದೆ ಎನ್ನಲು ನಾಲ್ಕು ತಿಂಗಳು ಸಾಲಲಿಲ್ಲ.

ಅಷ್ಟರಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಉಳಿದದ್ದು ಒಂದೇ ಪದ, "ಆಮೆನ್". ಬಾಯಾರಿದರೆ ಆಮೆನ್, ಮಗ್ಗುಲು ಬದಲಿಸಬೇಕಾದರೆ ಆಮೆನ್, ಗಂಜಿ ಸಾಕಾದರೂ ಆಮೆನ್. ನಾವು ಹೇಳುವುದು ಅವನಿಗೆ ಎಷ್ಟು ತಿಳಿಯುತ್ತದೆ ಎಂದು ಡಾಕ್ಟರಿಗೂ ಗೊತ್ತಿರಲಿಲ್ಲ.

ನಾನು ಆ ದಪ್ಪ ಪುಸ್ತಕವನ್ನು ಲೈಬ್ರರಿಯಿಂದ ತಂದೆ. ಅಪ್ಪನ ಮಂಚದ ಪಕ್ಕ ನೆಲದ ಮೇಲೆ ಕೂತು ಆ ಪುಟವನ್ನು ಒಂದೊಂದೇ ಸಾಲು ಕನ್ನಡ ಮಾಡಿ ಓದಿದೆ. ಒಂದು ಸಾಲನ್ನೂ ಹಾರಿಸಲಿಲ್ಲ. ಎರಡು ಬಗೆಯ ಹಿಕ್ಕೆ, ಬೆಳಗಿನ ಜಾವ, ಮೈ ಬಗ್ಗಿಸುವುದು, ಎಲ್ಲವನ್ನೂ ಓದಿದೆ. "ನೀನು ನೋಡಿದ್ದೇ ಸರಿ ಅಪ್ಪ. ನಾನು ಬಂದು ನೋಡಬೇಕಿತ್ತು. ಎಲ್ಲರ ಮುಂದೆ ಹಾಗನ್ನಬಾರದಿತ್ತು. ತಪ್ಪಾಯ್ತು," ಎಂದೆ. ಅವನು ನನ್ನನ್ನೇ ನೋಡುತ್ತಿದ್ದ. ಎಡಗೈ ಹೊದಿಕೆಯ ಮೇಲೆ ಸ್ವಲ್ಪ ಆಡಿತು.

"ಆಮೆನ್," ಎಂದ.

"ತಿಳೀತಾ ಅಪ್ಪ? ನಾನು ಹೇಳಿದ್ದು ತಿಳೀತಾ?"

"ಆಮೆನ್."

ಒಲೆಯ ಮುಂದಿದ್ದ ಅವ್ವ ತಿರುಗಿ ನೋಡದೆಯೇ ಕೂಗಿದಳು. "ಗಂಜಿ ಸಾಕಂತೆ ಕಣೇ, ಬಾಯಿ ಒರ್ಸು."

ಗಂಜಿಯನ್ನು ಇನ್ನೂ ಕೊಟ್ಟೇ ಇರಲಿಲ್ಲ. ನಾನು ಸೆರಗಿನಿಂದ ಅಪ್ಪನ ಬಾಯಿ ಒರೆಸಿದೆ.